ಹೂಜಿ ಗಿಡದ ಹೆತ್ತವರು ಯಾರು?



‘ಹೈಬ್ರಿಡ್’ ಎಂಬ ಮಾತು ನಿಮಗೆ ಹೊಸದಲ್ಲ. 1972ರಲ್ಲಿ ಧಾರವಾಡದಿಂದ ಹೊರಬಂದ ವರಲಕ್ಷ್ಮಿ ಹತ್ತಿ ಎರಡು ಬೇರೆ ಬೇರೆ ಪ್ರಭೇದಗಳನ್ನು ಕೂಡಿಸಿ ಪಡೆದ ಮಿಶ್ರತಳಿ. ಅಂಥ ಬೆಳೆಯ ಬೀಜವನ್ನು ಮನೆಯಲ್ಲಿ ಇಟ್ಟುಕೊಂಡು ಮರುವರ್ಷ ಬಿತ್ತಿದರೆ ಗಿಡಗಳು ಒಂದೇ ಸಮನಾಗಿ ಬರುವುದಿಲ್ಲ ಎಂಬುದು ಆದೋನಿ, ರಾಯದುರ್ಗ ಸೀಮೆಯ ರೈತರಿಗೆ ಚೆನ್ನಾಗಿ ಗೊತ್ತು. ಇಂದು ನಾನು ಹೇಳಹೊರಟಿರುವುದು ಇನ್ನೊಂದು ಬಗೆಯ ಹೈಬ್ರಿಡ್ಡಿನ ಕಥೆ. ದೊಡ್ಡ ಪೇಟೆಗಳ ನರ್ಸರಿಗಳಲ್ಲಿ ತೂಗುಕುಂಡದಲ್ಲಿಟ್ಟು ಮಾರುವ, ಹುಳ ತಿನ್ನುವ ಹೂಜಿ ಗಿಡದ ಕಥೆ.

ಹುಳ ತಿನ್ನುವ ಗಿಡ ಎಲ್ಲೋ ದೂರದ್ದು ಎನ್ನಬೇಡಿ. ಕಾಸರಗೋಡಿನ ಮುರಕಲ್ಲಿನ ಪದವುಗಳಲ್ಲಿ ಮಳೆಗಾಲದಲ್ಲಿ ನೀಲಿ ಹಾಸಿದಂತೆ ಅರಳುವ, ಓಣಂ ಹಬ್ಬದ ಪೂಕಳಕ್ಕೆ ಮಕ್ಕಳು ಕೊಯ್ದು ತರುವ ಕಾಕ್ಕಪ್ಪೂವಿನ ಗಿಡ ಕೂಡ ಕೀಟಾಹಾರಿಯೇ. ಅದರ ಬಲೆ ಕೆಸರಿನೊಳಗೆ ಅಡಗಿರುವ ಪುಟ್ಟ ಚೀಲ. ಹೂಜಿ ಗಿಡದ ಬಲೆಯಾದರೋ ಎದುರಿಗೇ ತೂಗಾಡುತ್ತದೆ. ಎಲೆಯ ತುದಿಯಿಂದ ಬಳ್ಳಿಯಂಥ ಕುಡಿಯೊಂದು ಹೊರಟು, ಅದರ ಕೊನೆ ಉಬ್ಬಿ ಹೂಜಿಯಾಗುತ್ತದೆ. ಮೇಲೊಂದು ಮುಚ್ಚಳ, ಬಾಯಂಚಿನಲ್ಲಿ ಸಿಹಿರಸ, ಒಳಗೆ ಜೀರ್ಣರಸ. ಜಾರಿಬಿದ್ದ ಇರುವೆ, ನೊಣಗಳಿಂದ ಗಿಡ ತನಗೆ ಬೇಕಾದ ಸಾರಜನಕವನ್ನು ಪಡೆಯುತ್ತದೆ. ಹಲವರು ಹೂಜಿಯನ್ನೇ ಹೂವೆಂದು ತಿಳಿಯುತ್ತಾರೆ. ಹೂವು ಬೇರೆಯೇ ಇದೆ, ಸಣ್ಣ ಹೂಗಳ ಗೊಂಚಲು. ಗಂಡು ಹೂವು ಒಂದು ಗಿಡದಲ್ಲಾದರೆ ಹೆಣ್ಣು ಹೂವು ಇನ್ನೊಂದು ಗಿಡದಲ್ಲಿ. ಈ ಮಾತು ನೆನಪಿನಲ್ಲಿರಲಿ.

ಈ ಕುಲಕ್ಕೆ ‘ನೆಪೆಂಥಿಸ್’ ಎಂದು 1737ರಲ್ಲಿ ಹೆಸರಿಟ್ಟವನು ಸ್ವೀಡನ್ನಿನ ಲಿನೀಯಸ್. ಗ್ರೀಕ್ ಕವಿ ಹೋಮರನ ಕಾವ್ಯದಲ್ಲಿ ಅದು ದುಃಖ ಮರೆಸುವ ಮದ್ದಿನ ಹೆಸರು. ಬೋರ್ನಿಯೊ, ಸುಮಾತ್ರ, ಮಲಯ, ಫಿಲಿಪೀನ್ಸ್ ಇವುಗಳ ದೊಡ್ಡ ನೆಲೆ. ನಮ್ಮ ದೇಶದಲ್ಲಿ ಇರುವುದು ಒಂದೇ ಪ್ರಭೇದ. ಮೇಘಾಲಯದ ಖಾಸಿ, ಜೈಂತಿಯಾ, ಗಾರೋ ಬೆಟ್ಟಗಳ ಆ ಗಿಡ ನೆಪೆಂಥಿಸ್ ಖಾಸಿಯಾನಾ. ಗಾರೋ ಜನ ಅದನ್ನು ‘ಮೆಮಾಂಗ್ ಕೋಕ್ಸಿ’, ಅಂದರೆ ದೆವ್ವದ ಬುಟ್ಟಿ ಎನ್ನುತ್ತಾರೆ.

ಇಂಥ ಮಳೆಕಾಡಿನ ಗಿಡ ಚಳಿಯ ಇಂಗ್ಲೆಂಡಿಗೆ ಹೋಗಿ ಸಂಸಾರ ಹೂಡಿದ್ದು ಹೇಗೆ? 1829ರಲ್ಲಿ ಲಂಡನ್ನಿನ ವೈದ್ಯ ನಥಾನಿಯೆಲ್ ವಾರ್ಡ್, ಮುಚ್ಚಿದ ಸೀಸೆಯೊಳಗೆ ಜರಿಗಿಡವೊಂದು ತಾನಾಗಿ ಮೊಳೆತು ಬದುಕಿದ್ದನ್ನು ಕಂಡ. ಅದರಿಂದ ಹುಟ್ಟಿದ ವಾರ್ಡನ ಗಾಜಿನ ಪೆಟ್ಟಿಗೆಯಲ್ಲಿ ಗಿಡಗಳು ತಿಂಗಳುಗಟ್ಟಲೆ ಹಡಗಿನಲ್ಲಿ ಸಾಗಿಬರುವುದು ಸಾಧ್ಯವಾಯಿತು. ಕಲ್ಲಿದ್ದಲು ಉರಿಸಿ ಬೆಚ್ಚಗಿಟ್ಟ ಗಾಜಿನ ಮನೆಗಳಲ್ಲಿ ಶ್ರೀಮಂತರು ಅವನ್ನು ಬೆಳೆಸತೊಡಗಿದರು.

ಈ ವ್ಯಾಪಾರದಲ್ಲಿ ಹೆಸರಾದದ್ದು ವೀಚ್ ಮನೆತನದ ನರ್ಸರಿ. ಅಲ್ಲಿನ ತೋಟಗಾರ ಜಾನ್ ಡೊಮಿನಿ, ಎರಡು ಜಾತಿಯ ಆರ್ಕಿಡ್ ಕೂಡಿಸಿ ಪಡೆದ ಗಿಡದಲ್ಲಿ 1856ರಲ್ಲಿ ಹೂವು ಕಂಡವನು. ಅದನ್ನು ನೋಡಿದ ಸಸ್ಯವಿಜ್ಞಾನಿ ಜಾನ್ ಲಿಂಡ್ಲಿ, ‘ನೀನು ನಮ್ಮಂಥವರಿಗೆ ಹುಚ್ಚು ಹಿಡಿಸುವೆ’ ಎಂಬರ್ಥದ ಮಾತಾಡಿದನಂತೆ. ಅದೇ ಡೊಮಿನಿ ಹೂಜಿ ಗಿಡಕ್ಕೂ ಕೈಹಾಕಿ ಪಡೆದ ಮಿಶ್ರತಳಿ 1862ರಲ್ಲಿ ಹೊರಬಂತು. ಮನುಷ್ಯನ ಕೈಯಲ್ಲಿ ಹುಟ್ಟಿದ ಮೊದಲ ಹೂಜಿ ಹೈಬ್ರಿಡ್ ಅದು, ಹೆಸರು ‘ಡೊಮಿನಿಯೈ’. ಅದರ ಹೆತ್ತವರಲ್ಲಿ ಒಂದು ರಾಫ್ಲೇಸಿಯಾನಾ. ಇನ್ನೊಂದು, ಬೋರ್ನಿಯೊದಿಂದ ಬಂದಿದ್ದ, ಆಗಿನ್ನೂ ಹೆಸರಿಡದ ಯಾವುದೋ ಗಿಡ. ಮೊದಲ ಕೂಸಿನ ಜಾತಕದಲ್ಲೇ ಒಂದು ಮನೆ ಖಾಲಿ ಉಳಿಯಿತು.

ಇವು ಹುಳಗಳನ್ನು ಹಿಡಿಯುತ್ತವೆ ಎಂಬುದು ಆಗ ತೋಟಗಾರರಿಗೆ ಗೊತ್ತಿತ್ತು. ಜೀರ್ಣಿಸಿಕೊಳ್ಳುತ್ತವೆ ಎಂಬುದಕ್ಕೆ ಪ್ರಯೋಗದ ಆಧಾರ ಬೇಕಿತ್ತು. 1874ರಲ್ಲಿ ಜೋಸೆಫ್ ಹೂಕರ್ ಬೆಲ್‌ಫಾಸ್ಟಿನ ವಿಜ್ಞಾನಿಗಳ ಸಭೆಯಲ್ಲಿ ತನ್ನ ಪ್ರಯೋಗಗಳನ್ನು ವಿವರಿಸಿದ. ಮರುವರ್ಷ ಡಾರ್ವಿನ್ನನ ಕೀಟಾಹಾರಿ ಸಸ್ಯಗಳ ಗ್ರಂಥ ಬಂತು. ಗಿಡಗಳ ಬೆಡಗಿಗೆ ವಿಜ್ಞಾನದ ಹೆಸರೂ ಸೇರಿ ಬೇಡಿಕೆ ಏರಿತು.

ವೀಚ್ ನರ್ಸರಿಯಲ್ಲಿ ಕೋರ್ಟ್ ಎಂಬ ತೋಟಗಾರ, ಮಲಯದ ಸ್ಯಾಂಗ್ವಿನಿಯಾಕ್ಕೆ ನಮ್ಮ ಖಾಸಿಯಾನಾವನ್ನು ಕೂಡಿಸಿದ. 1881ರ ಆ ತಳಿ ‘ಮಾಸ್ಟರ್ಸಿಯಾನಾ’. ಸೋಜಿಗವೆಂದರೆ, ಖಾಸಿ ಬೆಟ್ಟದ ಗಿಡವನ್ನು ಯುರೋಪಿನ ತೋಟಗಳಲ್ಲಿ ಬಹುಕಾಲ ‘ಡಿಸ್ಟಿಲೇಟೋರಿಯಾ’ ಎಂದು ಕರೆಯುತ್ತಿದ್ದರು. ಅದು ಶ್ರೀಲಂಕಾದ ಬೇರೊಂದು ಗಿಡದ ಹೆಸರು. ಹೀಗೆ ನಮ್ಮ ಬೆಟ್ಟದ ಗಿಡ ಸಿಂಹಳದ ವಿಳಾಸ ಹೊತ್ತು ಪರದೇಶದಲ್ಲಿ ಬಾಳಿತು.

ಇನ್ನೊಂದು ಉದಾಹರಣೆ ಕೇಳಿ. ಮೇರಿಯಾನ್ ನಾರ್ತ್ ಎಂಬ ಚಿತ್ರಕಾರ್ತಿ 1876ರಲ್ಲಿ ಬೋರ್ನಿಯೊದ ಸರವಾಕಿನಲ್ಲಿ ದೊಡ್ಡ ಹೂಜಿಯೊಂದರ ಚಿತ್ರ ಬರೆದಳು. ಆ ಚಿತ್ರ ಕಂಡ ವೀಚ್ ನರ್ಸರಿಯವರು ಚಾರ್ಲ್ಸ್ ಕರ್ಟಿಸನನ್ನು ಕಳಿಸಿ ಗಿಡವನ್ನು ತರಿಸಿದರು. 1881ರಲ್ಲಿ ಹೂಕರ್ ಅದಕ್ಕೆ ‘ನಾರ್ತಿಯಾನಾ’ ಎಂದು ಅವಳ ಹೆಸರನ್ನೇ ಇಟ್ಟ. ಅದಕ್ಕೆ ‘ಕರ್ಟಿಸಿಯೈ’ ಎಂಬ ಗಿಡವನ್ನು ಕೂಡಿಸಿ ಟಿವಿ ಎಂಬ ತೋಟಗಾರ 1893ರಲ್ಲಿ ಪಡೆದದ್ದು ‘ಮಿಕ್ಸ್‌ಟಾ’. ಕರ್ಟಿಸಿಯೈಯನ್ನು ಈಗ ‘ಮ್ಯಾಕ್ಸಿಮಾ’ದಲ್ಲಿ ಸೇರಿಸಿದ್ದಾರೆ. ಹೆಸರು ಬದಲಾದರೂ ನಷ್ಟವಾಗಲಿಲ್ಲ. ಯಾವುದಕ್ಕೆ ಯಾವುದನ್ನು ಕೂಡಿಸಿದ್ದು ಎಂದು ಬರೆದಿಟ್ಟಿದ್ದರಿಂದ ಇಂದಿಗೂ ಲೆಕ್ಕ ಸಿಗುತ್ತದೆ.

ಆದರೆ ಗಿಡಗಳ ಕಾಲ ಕೆಟ್ಟಿತು. 1914ರಲ್ಲಿ ಲಂಡನ್ನಿನ ಚೆಲ್ಸಿಯಲ್ಲಿದ್ದ ವೀಚ್ ನರ್ಸರಿ ಮುಚ್ಚಿತು. ಅದೇ ವರ್ಷ ಮಹಾಯುದ್ಧ ಬಂತು. ಕಲ್ಲಿದ್ದಲಿಲ್ಲದೆ ಗಾಜಿನ ಮನೆಗಳು ತಣ್ಣಗಾದವು. ಹತ್ತಾರು ಮಿಶ್ರತಳಿಗಳು ಹೇಳಹೆಸರಿಲ್ಲದೆ ಹೋದವು. ಉಳಿದವುಗಳಲ್ಲೂ ಚೀಟಿ ಕಳೆದುಕೊಂಡವು ಎಷ್ಟೋ. ಬೀಜದಿಂದ ಅವನ್ನು ಮರಳಿ ಪಡೆಯುವಂತಿಲ್ಲ; ನಿಮ್ಮ ಹತ್ತಿಯಂತೆಯೇ ಇಲ್ಲೂ ಒಂದೇ ಕಾಯಿಯ ಮಕ್ಕಳು ಒಂದೊಂದು ತೆರ. ಕಡ್ಡಿ ನೆಟ್ಟು ಬೆಳೆಸಿದರಷ್ಟೇ ಅದೇ ಗಿಡ ಮುಂದುವರಿಯುತ್ತದೆ.

ಈಗ ನಿಮ್ಮ ಮನೆಯ ಗಿಡಕ್ಕೆ ಬರೋಣ. ಅಂಗಡಿಯಲ್ಲಿ ಹೆಚ್ಚಾಗಿ ಸಿಗುವುದು ‘ವೆಂಟ್ರಾಟಾ’. ಫಿಲಿಪೀನ್ಸಿನ ಕಾಡಿನಲ್ಲಿ ತಾನಾಗಿಯೂ ಹುಟ್ಟುವ ಮಿಶ್ರತಳಿ ಇದು. ಒಂದು ಕಡೆ ವೆಂಟ್ರಿಕೋಸಾ, ಇನ್ನೊಂದು ಕಡೆ ಅಲಾಟಾ ಬಳಗದ ಗಿಡ. ವೆಂಟ್ರಿಕೋಸಾದ ಹೂಜಿ ನಡುವಿನಲ್ಲಿ ಸೊಂಟ ಕಟ್ಟಿದಂತೆ ಸಣ್ಣದು. ಅಲಾಟಾ ಬಳಗದ್ದು ಬುಡದಲ್ಲಿ ಉಬ್ಬಿ ಮೇಲೆ ಕೊಳವೆಯಂತೆ ನೆಟ್ಟಗೆ. ಮುಚ್ಚಳದ ಅಡಿಯಲ್ಲಿ ಬುಡದ ಬಳಿ ಪುಟ್ಟ ಏಣು. ನಿಮ್ಮ ಗಿಡದಲ್ಲಿ ಸೊಂಟವೂ ಅರೆಬರೆ, ಏಣೂ ಅರೆಬರೆ ಕಂಡರೆ ವೆಂಟ್ರಾಟಾ ಇರಬಹುದು. ‘ಇರಬಹುದು’ ಎಂದೇ ಹೇಳಿ. ಒಂದೇ ಗಿಡದ ಕೆಳಗಿನ ಹೂಜಿಗೂ ಮೇಲಿನದಕ್ಕೂ ಆಕಾರ ಬೇರೆ. ಬಣ್ಣ ಬಿಸಿಲಿಗೆ ತಕ್ಕಂತೆ ಬದಲಾಗುತ್ತದೆ. ಮುಖ ನೋಡಿ ಗೋತ್ರ ಹೇಳಲಾಗದು.

ಸಾಕುವುದು ಕಷ್ಟವಲ್ಲ. ಗೊಬ್ಬರದ ಮಣ್ಣು ಬೇಡ. ಚೆನ್ನಾಗಿ ತೊಳೆದ ತೆಂಗಿನ ನಾರಿನ ಪುಡಿಗೆ ಇದ್ದಿಲ ಚೂರು ಸೇರಿಸಿ. ಬೋರಿನ ಗಡಸು ನೀರು ಹಾಕಿದರೆ ಉಪ್ಪು ಕಟ್ಟಿ ಬೇರು ಸೊರಗುತ್ತದೆ, ಮಳೆನೀರನ್ನು ಹಿಡಿದಿಡಿ. ಬೆಳಗಿನ ಎಳೆಬಿಸಿಲು ಸಾಕು. ವಯನಾಡು, ನೀಲಗಿರಿ, ಕಾಸರಗೋಡಿನವರಿಗೆ ಗಾಳಿಯ ತೇವವೇ ಅನುಕೂಲ. ಸೊಲ್ಲಾಪುರ, ಅಕ್ಕಲಕೋಟೆಯವರು ಬೇಸಗೆಯಲ್ಲಿ ನೆರಳಿನಲ್ಲಿಟ್ಟು ಸುತ್ತ ನೀರು ಚಿಮುಕಿಸಬೇಕು. ಆಗಲೂ ಹೂಜಿ ಬಿಡದಿದ್ದರೆ ಮಳೆಗಾಲದವರೆಗೆ ತಾಳಿಕೊಳ್ಳಿ. ಹೂಜಿಯೊಳಗಿನ ರಸ ಚೆಲ್ಲಬೇಡಿ, ಮಾಂಸದ ಚೂರು ಹಾಕಬೇಡಿ.

ಕಾಡಿನಿಂದ ಕಿತ್ತು ತಂದ ಗಿಡವನ್ನಂತೂ ಕೊಳ್ಳಲೇಬೇಡಿ. ನೆಲೆ ಕಳೆದುಕೊಳ್ಳುತ್ತಿರುವ ಖಾಸಿಯಾನಾದ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಸೈಟೀಸ್ ಒಪ್ಪಂದದ ಅತಿ ಬಿಗಿಯಾದ ನಿರ್ಬಂಧವಿದೆ. ಮುಂದೊಂದು ದಿನ ಆ ಬೆಟ್ಟಗಳಿಗೆ ಗಿಡ ಮರಳಿಸಬೇಕಾದರೆ ಅಪ್ಪಟ ಖಾಸಿಯಾನಾ ಬೇಕು. ಹೆಸರು ತಪ್ಪಿದ ಹೈಬ್ರಿಡ್ ಅಲ್ಲಿಗೆ ಹೋದರೆ ಉಳಿದಿರುವುದೂ ಕೆಡುತ್ತದೆ.

ಆದ್ದರಿಂದ ಕೊಳ್ಳುವಾಗಲೇ ಹೆಸರು ಕೇಳಿ, ಚೀಟಿ ಬರೆದು ಕುಂಡಕ್ಕೆ ಸಿಕ್ಕಿಸಿ. ಬರೆಯುವ ಕ್ರಮ ಸರಳ. ಮೊದಲು ತಾಯಿಗಿಡದ ಹೆಸರು, ನಡುವೆ ಗುಣಾಕಾರದ ಗುರುತು, ಆಮೇಲೆ ತಂದೆಗಿಡದ ಹೆಸರು. ಗೊತ್ತಿಲ್ಲದಿದ್ದರೆ ‘ಗೊತ್ತಿಲ್ಲ’ ಎಂದೇ ಬರೆಯಿರಿ. ನೆರೆಯವರಿಗೆ ಕಡ್ಡಿ ಕೊಟ್ಟರೆ ಚೀಟಿಯ ನಕಲನ್ನೂ ಕೊಡಿ.

‘ನಿಮ್ಮದು ಬೆರಕೆ ಕನ್ನಡ’ ಎಂಬ ಮಾತನ್ನು ಗಡಿಯವರಾದ ನಾವು ಎಷ್ಟೋ ಸಲ ಕೇಳಿದ್ದೇವೆ. ಬೆರಕೆ ಹೂಜಿ ಗಿಡಗಳಲ್ಲಿ ಎರಡೂ ಕಡೆಯವರಿಗಿಂತ ಗಟ್ಟಿಯಾಗಿ ಬೆಳೆಯುವವು ಬೇಕಾದಷ್ಟಿವೆ. ಚೀಟಿಯಲ್ಲಿ ಎರಡೂ ಹೆಸರು ಮಾಸದಂತೆ ನೋಡಿಕೊಂಡರೆ ಆಯಿತು.