ಕನಸಲ್ಲಿ ತಿರುಗಿ ನಿಂತವರು

ಬೆಳಗಿನ ಜಾವ ನಾಲ್ಕೂವರೆ ಇರಬಹುದು. ಎಚ್ಚರ ಆಯ್ತು, ಆದ್ರೆ ಕೈಕಾಲು ಅಲ್ಲಾಡಲಿಲ್ಲ. ಫ್ಯಾನ್ ತಿರುಗ್ತಿರೋದು ಕಾಣ್ತಿದೆ, ಎದೆ ಮೇಲೆ ಯಾರೋ ಅಕ್ಕಿಮೂಟೆ ಇಟ್ಟ ಹಾಗಿದೆ, ಬಾಗಿಲ ಹತ್ರ ಯಾರೋ ನಿಂತಿದಾರೆ. ಕೂಗೋಣ ಅಂದ್ರೆ ಧ್ವನಿಯೇ ಇಲ್ಲ. ನಡೆದದ್ದು ಒಂದು ನಿಮಿಷವೋ ಏನೋ, ನನಗೆ ಮಾತ್ರ ಅರ್ಧ ಗಂಟೆ ಅನ್ನಿಸಿತು!

ತಪ್ಪು ನನ್ನದೇ. ಕನಸು ಕಾಣ್ತಿರುವಾಗಲೇ "ಇದು ಕನಸು" ಅಂತ ಗೊತ್ತಾಗೋದಕ್ಕೆ ಲೂಸಿಡ್ ಡ್ರೀಮಿಂಗ್ ಅಂತಾರೆ. ಅದನ್ನ ಕಲಿಯೋ ಹುಚ್ಚು ಹತ್ತಿತ್ತು. ಬೆಳಗಿನ ಜಾವಕ್ಕೆ ಅಲಾರಂ ಇಟ್ಟು ಎದ್ದು ಮತ್ತೆ ಮಲಗೋದು, ದಿಂಬಿನ ಪಕ್ಕ ನೋಟ್‌ಬುಕ್ ಇಟ್ಕೊಂಡು ಕಂಡ ಕನಸನ್ನೆಲ್ಲ ಬರೆಯೋದು. ಆಕಾಶದಲ್ಲಿ ಹಾರಾಡಬಹುದು ಅಂದ್ಕೊಂಡಿದ್ದೆ, ಸಿಕ್ಕಿದ್ದು ಇದು. ಜೊತೆಗೆ ಚಿಕ್ಕಂದಿನ ಒಂದು ಕನಸೂ ವಾಪಸ್ ಬಂತು. ಊರಿನ ಮನೆ ಜಗಲಿಯಿಂದ ಒಳಗೆ ಓಡ್ತೀನಿ, ಹಿಂದಿನಿಂದ ಏನೋ ಬರ್ತಿರತ್ತೆ, ನಾನು ಒಮ್ಮೆಯೂ ತಿರುಗಿ ನೋಡಲ್ಲ. ಎರಡು ವಾರ ಲೈಟ್ ಹಾಕ್ಕೊಂಡೇ ಮಲಗಿದೆ. ಹಗಲು ಹೊತ್ತು ಕೋಡ್ ಮುಂದೆ ತೂಕಡಿಕೆ.

ಅಜ್ಜಿಗೆ ಫೋನ್ ಮಾಡಿ ಹೇಳಿದೆ. "ದೆವ್ವ ಎದೆ ಮೇಲೆ ಕೂರತ್ತೆ ಅಪ್ಪಿ, ಅಂಗಾತ ಮಲಗಬೇಡ" ಅಂದ್ರು. ದೆವ್ವದ ಮಾತು ಬಿಡಿ, ಅಂಗಾತ ಮಲಗಿದಾಗಲೇ ಇದು ಹೆಚ್ಚು ಅಂತ ನಿದ್ರೆಯ ತಜ್ಞರೂ ಹೇಳ್ತಾರೆ :)

ನಮ್ಮ ಕೆಲಸದಲ್ಲಿ ಒಂದು ಅಭ್ಯಾಸ ಇದೆಯಲ್ಲ... ಬಗ್ ಬಂದ್ರೆ ಮೊದಲು ಇದೇ ಬಗ್ ಬೇರೆ ಯಾರಿಗೆ ಬಂದಿತ್ತು ಅಂತ ಹುಡುಕೋದು. ಹಾಗೆ ಹುಡುಕ್ತಾ ಹೋದವನಿಗೆ ಸಿಕ್ಕಿದ್ದು ನೂರೈವತ್ತು ವರ್ಷಕ್ಕಿಂತ ಹಳೆಯ ಒಬ್ಬ ಫ್ರೆಂಚ್ ಮನುಷ್ಯ.

ಹೆಸರು ಎರ್ವೆ ದ ಸೇಂ-ದೆನಿ (1822-1892). ವೃತ್ತಿಯಲ್ಲಿ ಚೀನೀ ಭಾಷೆಯ ವಿದ್ವಾಂಸ, 1874ರಲ್ಲಿ ಪ್ಯಾರಿಸ್ಸಿನ ಕಾಲೇಜ್ ದ ಫ್ರಾನ್ಸ್‌ನಲ್ಲಿ ಪ್ರಾಧ್ಯಾಪಕ ಆದವನು. ಆದ್ರೆ ಹದಿಮೂರನೇ ವಯಸ್ಸಿಂದ ಕನಸಿನ ಡೈರಿ ಬರೀತಿದ್ದ. 1867ರಲ್ಲಿ ಕನಸುಗಳ ಬಗ್ಗೆ, ಅವನ್ನ ನಡೆಸೋ ಉಪಾಯಗಳ ಬಗ್ಗೆ ಒಂದು ಪುಸ್ತಕ ತಂದ, ಅದೂ ಹೆಸರು ಹಾಕದೆ! ಮುಂದೆ ಫ್ರಾಯ್ಡ್ ಕನಸಿನ ಬಗ್ಗೆ ತನ್ನ ದೊಡ್ಡ ಪುಸ್ತಕ ಬರೆಯುವಾಗ, ಎಷ್ಟು ಹುಡುಕಿದರೂ ಈ ಪುಸ್ತಕ ತನಗೆ ಸಿಗಲಿಲ್ಲ ಅಂತ ಬರ್ಕೊಂಡಿದಾನೆ.

ಈ ಎರ್ವೆಗೂ ನನ್ನದೇ ಕಾಯಿಲೆ. ಭಯಂಕರ ಪ್ರಾಣಿಗಳು ಅಟ್ಟಿಸಿಕೊಂಡು ಬರ್ತವೆ, ಈತ ಕೋಣೆಯಿಂದ ಕೋಣೆಗೆ ಓಡ್ತಾನೆ. ಬಾಗಿಲು ಹಾಕಿದಷ್ಟೂ ಹಿಂದಿನಿಂದ ತೆರೆದುಕೊಳ್ಳೋ ಸದ್ದು. ಅದೇ ಕನಸು ಮತ್ತೆ ಮತ್ತೆ. ಕೊನೆಗೆ ಇನ್ನೊಂದು ಸಲ ಬಂತು. ಈ ಸಲ ಓಡದೆ, ಗೋಡೆಗೆ ಬೆನ್ನು ಕೊಟ್ಟು ನಿಂತು ಎದುರಿಗಿದ್ದ ಪಿಶಾಚಿಯನ್ನ ದಿಟ್ಟಿಸಿ ನೋಡಿದ. ಹೊಡೆಯಲಿಲ್ಲ, ಬಯ್ಯಲಿಲ್ಲ, ಬರೀ ಹೇಗಿದೆ ಅಂತ ಗಮನಿಸಿದ. ಚರ್ಚುಗಳ ಬಾಗಿಲಲ್ಲಿ ಕೆತ್ತಿರುವ ವಿಕಾರ ಮೂರ್ತಿಗಳ ಹಾಗಿತ್ತಂತೆ. ನೋಡ್ತಾ ನೋಡ್ತಾ ಅದು ಮಸುಕಾಗಿ, ಜಾತ್ರೆ ವೇಷದ ಹಳೇ ಬಟ್ಟೆ ಥರ ಜೋತುಬಿತ್ತಂತೆ!

ಇದನ್ನ ಓದಿ ನನಗೆ ಧೈರ್ಯಕ್ಕಿಂತ ಮೊದಲು ಬಂದದ್ದು ಸಮಾಧಾನ. ನಾನೊಬ್ಬನೇ ಪುಕ್ಕಲ ಅಲ್ಲ!

ಆಮೇಲೂ ಜನ ಇದೇ ದಾರಿ ಹಿಡಿದಿದ್ದಾರೆ. 1913ರಲ್ಲಿ "ಲೂಸಿಡ್ ಡ್ರೀಮ್" ಅನ್ನೋ ಹೆಸರನ್ನ ಬಳಕೆಗೆ ತಂದ ಡಚ್ ವೈದ್ಯ, ಲೇಖಕ ಫ್ರೆಡೆರಿಕ್ ಫಾನ್ ಏಡೆನ್ ತನಗೆ ಅಂಥ 352 ಕನಸು ಬಿದ್ದಿವೆ ಅಂತ ಲೆಕ್ಕ ಇಟ್ಟಿದ್ದ. ಅವನ ಪಟ್ಟಿಯಲ್ಲೂ ಪಿಶಾಚಿ ಕನಸುಗಳದ್ದೇ ಬೇರೆ ವರ್ಗ ಇತ್ತು. 1921ರಲ್ಲಿ ಕನಸಿನ ಬಗ್ಗೆ ಪುಸ್ತಕ ಬರೆದ ಇಂಗ್ಲೆಂಡಿನ ಮೇರಿ ಆರ್ನಾಲ್ಡ್-ಫಾರ್ಸ್ಟರ್, ಇದು ಕನಸು ಅಂತ ಹೇಳೋ ಒಂದು ಮಾತನ್ನ ಹಗಲಲ್ಲೇ ಮಂತ್ರದ ಹಾಗೆ ಹೇಳಿಕೊಳ್ತಿದ್ದಳು, ಕನಸಲ್ಲಿ ಭಯ ಬಂದಾಗ ಅದೇ ನೆನಪಾಗಲಿ ಅಂತ.

ಸರಿ, ಕೈಕಾಲು ಕಟ್ಟಿ ಹಾಕಿದ ಹಾಗೆ ಆಗತ್ತಲ್ಲ, ಅದೇನು? ಅದರ ಕತೆ ಇನ್ನೂ ಚೆನ್ನಾಗಿದೆ. 1953ರಲ್ಲಿ ಶಿಕಾಗೋದಲ್ಲಿ ಅಸೆರಿನ್‌ಸ್ಕಿ ಮತ್ತು ಕ್ಲೈಟ್‌ಮನ್, ನಿದ್ದೆಯ ಒಂದು ಹಂತದಲ್ಲಿ ಕಣ್ಣುಗಳು ಚುರುಕಾಗಿ ಓಡಾಡ್ತವೆ ಅಂತ ತೋರಿಸಿದರು. ಅದೇ ರೆಮ್ ನಿದ್ರೆ. 1959ರಲ್ಲಿ ಫ್ರಾನ್ಸಿನ ಲಿಯೋನ್ ನಗರದಲ್ಲಿ ಮಿಷೆಲ್ ಜೂವೆ ಬೆಕ್ಕುಗಳ ಮೇಲೆ ಪ್ರಯೋಗ ಮಾಡಿ, ಆ ಹೊತ್ತಲ್ಲಿ ಸ್ನಾಯುಗಳು ಪೂರ್ತಿ ಸಡಿಲ ಆಗ್ತವೆ ಅಂತ ಕಂಡುಕೊಂಡ. ನಾವು ಕನಸಲ್ಲಿ ಓಡಿದ್ರೆ ಮಂಚದಿಂದ ನಿಜಕ್ಕೂ ಎದ್ದು ಓಡಬಾರದಲ್ಲ, ಅದಕ್ಕೆ. ಮನಸ್ಸು ಮೊದಲು ಎಚ್ಚರಾಗಿ ದೇಹ ಇನ್ನೂ ಆ ಹಂತದಲ್ಲೇ ಉಳಿದುಬಿಟ್ರೆ ಸ್ಲೀಪ್ ಪೆರಾಲಿಸಿಸ್. ಉಸಿರಾಟದ ವಪೆ ನಿಲ್ಲಲ್ಲ, ಕಣ್ಣಿಗೂ ಕಟ್ಟಿಲ್ಲ.

ಈ ಕಣ್ಣಿನ ವಿಷಯಾನೇ ಮುಂದೆ ಕೆಲಸಕ್ಕೆ ಬಂತು. ಮಲಗಿದವನು ತಾನು ಕನಸಲ್ಲಿ ಎಚ್ಚರವಾಗಿದೀನಿ ಅಂತ ಹೊರಗಿನವರಿಗೆ ತಿಳಿಸೋದು ಹೇಗೆ? 1975ರ ಏಪ್ರಿಲ್‌ನಲ್ಲಿ ಇಂಗ್ಲೆಂಡಿನ ಹಲ್ ವಿಶ್ವವಿದ್ಯಾಲಯದಲ್ಲಿ ಕೀತ್ ಹರ್ನ್ ಎಂಬ ಸಂಶೋಧಕ, ಅಲನ್ ವರ್ಸ್ಲಿ ಎಂಬಾತನನ್ನ ಯಂತ್ರಕ್ಕೆ ಜೋಡಿಸಿ ಮಲಗಿಸಿದ್ದ. ವರ್ಸ್ಲಿ ಕನಸಿನ ಒಳಗಿಂದ, ಮೊದಲೇ ಮಾತಾಡಿಕೊಂಡಂತೆ, ಕಣ್ಣನ್ನ ಎಡಕ್ಕೆ ಬಲಕ್ಕೆ ಆಡಿಸಿದ. ಕಾಗದದ ಮೇಲೆ ಗೆರೆಗಳು ಮೂಡಿದವು. ಕೆಲವೇ ವರ್ಷಗಳಲ್ಲಿ ಸ್ಟ್ಯಾನ್‌ಫರ್ಡ್‌ನ ಸ್ಟೀಫನ್ ಲಬರ್ಜ್ ಕೂಡ ಬೇರೆಯಾಗಿಯೇ ಇದನ್ನ ಸಾಧಿಸಿದ. ನನ್ನನ್ನ ಹೆದರಿಸಿದ ಅದೇ ಸ್ಥಿತಿಯಲ್ಲಿ ಕಣ್ಣಿಗೆ ಉಳಿದ ಸ್ವಾತಂತ್ರ್ಯ, ಇವರಿಗೆ ಸಂದೇಶ ಕಳಿಸೋ ತಂತಿ ಆಗಿತ್ತು!

ಮುಂದಿನ ಸಲ ಹಾಗೆ ಆದಾಗ ನಾನು ಒದ್ದಾಡಲಿಲ್ಲ. ಕಣ್ಣು ಎಡಕ್ಕೆ, ಬಲಕ್ಕೆ ಆಡಿಸಿದೆ. ಉಸಿರು ಎಣಿಸಿದೆ. ಹೆದರಿಕೆ ಇತ್ತು, ಸುಳ್ಳು ಹೇಳಲ್ಲ. ಆದ್ರೆ ಎಣಿಕೆ ಹದಿನಾಲ್ಕಕ್ಕೆ ಬರುವಷ್ಟರಲ್ಲಿ ಬೆರಳು ಅಲ್ಲಾಡಿತು.

ಜಗಲಿ ಕನಸು ಬಂದದ್ದು ಅದಾಗಿ ಒಂದು ತಿಂಗಳಿಗೆ. ಓಡ್ತಾ ಇದ್ದವನಿಗೆ ಎರ್ವೆ ನೆನಪಾದ. ಗೋಡೆಗೆ ಬೆನ್ನು ಕೊಟ್ಟು ತಿರುಗಿ ನಿಂತೆ. ಕಂಬಳಿ ಕೊಪ್ಪೆ ಹೊದ್ದ ಒಂದು ಆಕೃತಿ. ಮುಖ ಇರಲಿಲ್ಲ. ಕಂಬಳಿಯ ಅಂಚಿಂದ ಮಳೆ ನೀರು ತೊಟ್ಟಿಕ್ಕುತ್ತಿತ್ತು, ನಾನು ಆ ಹನಿಗಳನ್ನೇ ನೋಡ್ತಾ ನಿಂತೆ. ಅದು ಮಾಯವೂ ಆಗಲಿಲ್ಲ, ಮುಂದೆಯೂ ಬರಲಿಲ್ಲ. ಹಾಗೇ ಎಚ್ಚರ ಆಯ್ತು. ಎದೆ ಡವಡವ ಅಂತಿತ್ತು, ಆದ್ರೂ ಲೈಟ್ ಹಾಕಬೇಕು ಅನ್ನಿಸಲಿಲ್ಲ.

ಒಂದು ಮಾತು. ದಿನವೂ ನಿದ್ದೆ ಹಾಳಾಗ್ತಿದ್ರೆ ಅಲಾರಂ ಇಟ್ಟುಕೊಂಡು ಇಂಥ ಪ್ರಯೋಗಕ್ಕೆ ಇಳೀಬೇಡಿ, ಡಾಕ್ಟರ ಹತ್ರ ಹೋಗಿ. ನಾನೂ ಈಗ ಅಲಾರಂ ಬಿಟ್ಟಿದೀನಿ. ಹಾರೋದು ಇನ್ನೂ ಕಲಿತಿಲ್ಲ. ಅಜ್ಜಿಗೆ ಕಂಬಳಿ ಕೊಪ್ಪೆ ವಿಷಯ ಹೇಳಿದ್ರೆ, "ಮಳೇಲಿ ನೆನೆದು ಬಂದೋನಿಗೆ ಒಳಗೆ ಬಾ ಅನ್ನಬಾರದಿತ್ತಾ?" ಅಂತ ಕೇಳಿದ್ರು.

ಮುಂದಿನ ಸಲ ಕರೀತೀನಿ.