‘ಗಿವ್ ಅಪ್’: ಕೊಟ್ಟದ್ದು ಯಾರಿಗೆ?

‘ಗಿವ್’ ಎಂದರೆ ಕೊಡು, ‘ಅಪ್’ ಎಂದರೆ ಮೇಲೆ ಎಂದು ಬಲ್ಲ ನಾವು, ಎರಡೂ ಕೂಡಿ ‘ಗಿವ್ ಅಪ್’ ಆದೊಡನೆ ತಡವರಿಸುತ್ತೇವೆ. ಬಸ್ಸಿನಲ್ಲಿ ಸೀಟು ಬಿಟ್ಟುಕೊಡುವುದು, ಸಿಗರೇಟು ಬಿಡುವುದು, ಪೊಲೀಸರಿಗೆ ಶರಣಾಗುವುದು, ಇನ್ನು ಉಳಿಯುವುದಿಲ್ಲವೆಂದು ವೈದ್ಯರು ರೋಗಿಯ ಆಸೆ ಬಿಡುವುದು, ಒಗಟು ಬಿಡಿಸಲಾಗದೆ ಸೋತೆನೆನ್ನುವುದು, ಎಲ್ಲಕ್ಕೂ ಇದೊಂದೇ. ಇಂಥ ಜೋಡಿಗಳು ಪರಭಾಷಿಕರಿಗೆ ಬಲು ತೊಡಕೆಂದು ಸ್ಯಾಮ್ಯುಯೆಲ್ ಜಾನ್ಸನ್ 1755ರ ತನ್ನ ನಿಘಂಟಿನ ಪೀಠಿಕೆಯಲ್ಲೇ ಬರೆದಿದ್ದ. ‘ಫ್ರೇಸಲ್ ವರ್ಬ್’ ಎಂಬ ಹೆಸರನ್ನು ಬಳಕೆಗೆ ತಂದದ್ದು ಲೋಗನ್ ಪಿಯರ್ಸಲ್ ಸ್ಮಿತ್‌ನ 1925ರ ಪುಸ್ತಕ.

ಪ್ರಾಚೀನ ಇಂಗ್ಲಿಷಿನಲ್ಲಿ, ನಮ್ಮ ‘ಪರಿತ್ಯಜಿಸು’ವಿನಲ್ಲಿರುವಂತೆ, ಉಪಸರ್ಗ ಧಾತುವಿನ ಮುಂದೆಯೇ ಕೂರುತ್ತಿತ್ತು, ‘ಫರ್‌ಗಿವ್’ ಆ ಪದ್ಧತಿಯ ಉಳಿಕೆ. ಆ ‘ಗಿವ್’ ಕೂಡ ಆಗ ಯಕಾರದಿಂದ ಮೊದಲಾಗುತ್ತಿತ್ತು. ಇಂದಿನ ಗಕಾರ ಕಡಲು ದಾಟಿ ಬಂದು ನೆಲೆಸಿದ ನಾರ್ಸ್ ಜನರ ಪ್ರಭಾವ. ಅವರ ನುಡಿಯಲ್ಲಿ ‘ಗೆಫಾ ಉಪ್ಪ್’ ಎಂಬ ಜೋಡಿಯೂ ಇತ್ತು. ಇಂಗ್ಲೆಂಡಿನ ಪೀಟರ್‌ಬರೋ ವೃತ್ತಾಂತದ 1137ರ ದಾಖಲೆಯಲ್ಲಿ ನಮ್ಮ ಪದ ಕಾಣಿಸುತ್ತದೆ: ದೊರೆ ಸ್ಟೀಫನ್ ಬಿಷಪ್ಪರನ್ನು ಸೆರೆಯಲ್ಲಿಟ್ಟ, ಅವರು ತಮ್ಮ ಕೋಟೆಗಳನ್ನು ‘ಗಿವ್ ಅಪ್’ ಮಾಡುವ ತನಕ.

ಇಲ್ಲಿ ಕೊಡುವವರಿದ್ದಾರೆ, ಕೊಡುವ ಕೋಟೆಯಿದೆ, ಪಡೆಯುವ ದೊರೆಯಿದ್ದಾನೆ. 1611ರ ಇಂಗ್ಲಿಷ್ ಬೈಬಲಿನ ‘ಗಿವ್ ಅಪ್ ದ ಘೋಸ್ಟ್’ ಎಂದರೆ ಪ್ರಾಣ ಬಿಡು. ಅಲ್ಲಿನ ‘ಘೋಸ್ಟ್’ ದೆವ್ವವಲ್ಲ, ಜೀವಾತ್ಮ. ಪಡೆಯುವವನು ಕಣ್ಣಿಗೆ ಕಾಣನಾದರೂ ಇದ್ದಾನೆಂಬ ನಂಬಿಕೆಯುಂಟು. ಸಿಗರೇಟಿನ ಮಾತಿಗೆ ಬಂದರೆ ಪಡೆಯುವವನೇ ಇಲ್ಲ. ಬರಿದೆ ‘ಐ ಗಿವ್ ಅಪ್’ ಎಂದಾಗಲಂತೂ ಕೊಡುವ ವಸ್ತುವೂ ಇಲ್ಲ. ವೈಯಾಕರಣರ ಮಾತಿನಲ್ಲಿ ಹೇಳುವುದಾದರೆ, ಸಂಪ್ರದಾನ ಕಳಚಿತು, ಕರ್ಮವೂ ಕಳಚಿತು, ದಣಿದ ಕರ್ತೃವೊಬ್ಬನೇ ಉಳಿದ.

ಇಂಗ್ಲಿಷು ಒಂದೇ ಜೋಡಿಯಲ್ಲಿ ತುಂಬಿಟ್ಟ ಈ ಮೆಟ್ಟಿಲುಗಳನ್ನು ಕನ್ನಡ ಬೇರೆಬೇರೆಯಾಗಿಯೇ ಹೇಳುತ್ತದೆ: ಪಡೆಯುವವರಿದ್ದರೆ ‘ಬಿಟ್ಟುಕೊಡು’, ಇಲ್ಲದಿದ್ದರೆ ‘ಬಿಟ್ಟುಬಿಡು’, ಏನೂ ಉಳಿಯದಿದ್ದರೆ ‘ಕೈಚೆಲ್ಲು’. 2015ರಲ್ಲಿ ಅಡುಗೆ ಅನಿಲದ ಸಬ್ಸಿಡಿಯ ಬಗ್ಗೆ ಕೇಂದ್ರ ಸರ್ಕಾರ ‘ಗಿವ್ ಇಟ್ ಅಪ್’ ಎಂದು ಉಳ್ಳವರನ್ನು ಕೇಳಿಕೊಂಡಾಗ, ಆ ಹಣದಿಂದ ಬಡವರ ಮನೆಗೆ ಗ್ಯಾಸು ಎಂಬ ಮಾತೂ ಜೊತೆಗಿತ್ತು; ಹಾಗಾಗಿ ಅಲ್ಲಿ ಸಲ್ಲುವುದು ‘ಬಿಟ್ಟುಕೊಡಿ’ಯೇ ಹೊರತು ‘ಬಿಟ್ಟುಬಿಡಿ’ಯಲ್ಲ. ಅರ್ಥಗಳ ಪಟ್ಟಿ ಉರುಹೊಡೆಯುವ ಮಕ್ಕಳಿಗೆ ನಾವು ಕಲಿಸಬೇಕಾದದ್ದು ಒಂದೇ ಪ್ರಶ್ನೆ: ಯಾರಿಗೆ?