ಗೋಡೆ ಒಣಗುವುದೆಂದರೇನು?

ಖಾನಾಪುರ ತಾಲ್ಲೂಕಿನ ಹಳೆಯ ಮನೆಯೊಂದರ ಒಳಗೋಡೆಯನ್ನು ತಟ್ಟಿ ನೋಡಿ. ಸದ್ದು ಗಟ್ಟಿಯಾಗಿ ಬರುತ್ತದೆ. ಬೆಳಗಾವಿ ನಗರದ ಹೊಸ ಕಚೇರಿಯ ಅಡ್ಡಗೋಡೆಯನ್ನು ತಟ್ಟಿದರೆ ಟೊಳ್ಳು ಸದ್ದು ಕೇಳಬಹುದು. ಅದು ಜಿಪ್ಸಮ್ ಹಲಗೆಯ ‘ಡ್ರೈವಾಲ್’. ಈ ಎರಡು ಸದ್ದುಗಳ ನಡುವೆ ರಸಾಯನ ವಿಜ್ಞಾನದ ಒಂದು ಚರಿತ್ರೆಯೇ ಅಡಗಿದೆ.

ಖಾನಾಪುರದ ಜೇಡಿಮಣ್ಣು ಹಂಚು, ಮಡಕೆಗಳಿಗೆ ಹೆಸರಾದದ್ದು. ಮಣ್ಣಿನ ಗೋಡೆ ನಿಜಕ್ಕೂ ಒಣಗುತ್ತದೆ. ನೀರು ಆವಿಯಾಗಿ ಹೋಗುತ್ತದೆ, ಅಷ್ಟೆ. ಮತ್ತೆ ನೆನೆದರೆ ಕರಗುತ್ತದೆ. ಆದ್ದರಿಂದಲೇ ಮಳೆ ಹೆಚ್ಚಿರುವ ಈ ಸೀಮೆಯ ಮನೆಗಳಿಗೆ ಚಾಚಿದ ಸೂರು ಬೇಕು.

ಸುಣ್ಣದ ಗಾರೆಯ ಕಥೆಯೇ ಬೇರೆ. ಸುಣ್ಣಕಲ್ಲನ್ನು ಸುಮಾರು 900 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಟ್ಟರೆ ಕಾರ್ಬನ್ ಡೈಆಕ್ಸೈಡ್ ಹೊರಹೋಗುತ್ತದೆ. ಉಳಿದ ಸುಟ್ಟ ಸುಣ್ಣಕ್ಕೆ ನೀರು ಸೇರಿದಾಗ ಅದು ಅರಳುತ್ತದೆ. ಗೋಡೆಗೆ ಬಳಿದ ಮೇಲೆ ಅದು ಗಾಳಿಯಿಂದ ಅದೇ ಅನಿಲವನ್ನು ತಿಂಗಳುಗಟ್ಟಲೆ ಹೀರಿಕೊಂಡು ಪುನಃ ಕಲ್ಲಾಗುತ್ತದೆ! ವಿಜಾಪುರದ ಗೋಳಗುಮ್ಮಟದ ಗೋಡೆಗಳ ಗಾರೆ ಮೂರೂವರೆ ಶತಮಾನಗಳನ್ನು ದಾಟಿದೆ.

ಜಿಪ್ಸಮ್‌ಗೆ ಇಷ್ಟು ಬೆಂಕಿಯೂ ಬೇಡ, ಇಷ್ಟು ಕಾಲವೂ ಬೇಡ. ಸುಮಾರು 150 ಡಿಗ್ರಿಯಲ್ಲಿ ಕಾಸಿದರೆ ತನ್ನ ಸ್ಫಟಿಕ ಜಲದ ಮುಕ್ಕಾಲು ಭಾಗವನ್ನು ಕಳೆದುಕೊಂಡು ಪ್ಲಾಸ್ಟರ್ ಆಫ್ ಪ್ಯಾರಿಸ್ ಆಗುತ್ತದೆ. ನೀರು ಬೆರೆಸಿದರೆ ಕೆಲವೇ ನಿಮಿಷಗಳಲ್ಲಿ ಗಟ್ಟಿಯಾಗುತ್ತದೆ. ಈಜಿಪ್ಟಿನ ಪಿರಮಿಡ್ ಕಟ್ಟಿದವರೂ ಇದನ್ನು ಬಲ್ಲರು. 1894ರಲ್ಲಿ ಅಮೆರಿಕದ ಆಗಸ್ಟಿನ್ ಸ್ಯಾಕೆಟ್ ಕಾಗದ ಮತ್ತು ಪ್ಲಾಸ್ಟರ್ ಪದರಗಳ ಹಲಗೆಗೆ ಪೇಟೆಂಟ್ ಪಡೆದ. ಹೀಗೆ ಒದ್ದೆ ಕೆಲಸ ಗವಂಡಿಯ ಕೈಯಿಂದ ಕಾರ್ಖಾನೆಗೆ ಹೋಯಿತು. ಎರಡನೆಯ ಮಹಾಯುದ್ಧದ ಹೊತ್ತಿನಲ್ಲಿ ಕೆಲಸಗಾರರ ಕೊರತೆಯಿಂದ ಈ ಹಲಗೆಗೆ ಬೇಡಿಕೆ ಹೆಚ್ಚಿತು.

ಆದರೆ ಕೆಲಸ ಪೂರ್ತಿ ಒಣದಲ್ಲ. ಹಲಗೆಗಳನ್ನು ತಗಡಿನ ಚೌಕಟ್ಟಿಗೆ ಸ್ಕ್ರೂಗಳಿಂದ ಬಿಗಿದ ಮೇಲೆ ಸಂದುಗಳಿಗೆ ಕಾಗದದ ಪಟ್ಟಿ ಅಂಟಿಸಿ, ಮೆತ್ತುವ ಲೇಪವನ್ನು ಹಲವು ಸಲ ಬಳಿಯಬೇಕು. ಒಂದು ಪದರ ಒಣಗದೆ ಇನ್ನೊಂದನ್ನು ಬಳಿದರೆ ಸಂದು ಬಿರಿಯುತ್ತದೆ. ಬೆಳಗಾವಿಯ ಜುಲೈ ತಿಂಗಳ ತೇವದಲ್ಲಿ ಈ ಅವಸರ ಸಲ್ಲದು.

ಈಗ ಒಂದು ಲೆಕ್ಕ. ಜಿಪ್ಸಮ್‌ನ ಅಣುತೂಕ 172. ಅದರಲ್ಲಿ ನೀರಿನ ಪಾಲು 36, ಅಂದರೆ ಶೇಕಡಾ 21. ಬೆಂಕಿ ಬಿದ್ದರೆ ಈ ನೀರು ಆವಿಯಾಗುತ್ತ ಶಾಖವನ್ನು ಹೀರಿ ಗೋಡೆಯನ್ನು ಕೆಲಹೊತ್ತು ಕಾಯುತ್ತದೆ. ಆದರೆ ಜಿಪ್ಸಮ್ ಲೀಟರ್ ನೀರಿನಲ್ಲಿ ಸುಮಾರು 2 ಗ್ರಾಂ ಕರಗುತ್ತದೆ. ಸುಣ್ಣಕಲ್ಲು ಅದಕ್ಕಿಂತ ಬಹಳ ಕಡಿಮೆ. ಹಾಗಾಗಿ ಸಾಧಾರಣ ಜಿಪ್ಸಮ್ ಹಲಗೆ ಖಾನಾಪುರದ ಮಳೆಗೆ ಒಡ್ಡಿದ ಹೊರಗೋಡೆಗೆ ತಕ್ಕುದಲ್ಲ.

ಶಿಕ್ಷಕರೇ, ತರಗತಿಯಲ್ಲಿ ಇದನ್ನು ಮಾಡಿ ತೋರಿಸಿ. ಎರಡು ಬಿಗಿಮುಚ್ಚಳದ ಡಬ್ಬಿಗಳಲ್ಲಿ ಒಂದಕ್ಕೆ ಕಲಸಿದ ಪ್ಲಾಸ್ಟರ್ ಆಫ್ ಪ್ಯಾರಿಸ್, ಇನ್ನೊಂದಕ್ಕೆ ಅರಳಿದ ಸುಣ್ಣದ ಮುದ್ದೆ ತುಂಬಿಸಿ. ಸುಣ್ಣ ಕಣ್ಣಿಗೆ, ಕೈಗೆ ತಾಗದಿರಲಿ. ಮರುದಿನ ತೆರೆದಾಗ ಮೊದಲನೆಯದು ಗಟ್ಟಿಯಾಗಿರುತ್ತದೆ, ಎರಡನೆಯದು ಮೆತ್ತಗೇ ಇರುತ್ತದೆ. ಒಂದಕ್ಕೆ ನೀರು ಸಾಕು, ಇನ್ನೊಂದಕ್ಕೆ ಗಾಳಿ ಬೇಕು. ‘ಒಣಗಿತು’ ಎಂಬ ಒಂದೇ ಮಾತಿನಲ್ಲಿ ಎಷ್ಟು ಅರ್ಥಗಳಿವೆ ಎಂಬುದನ್ನು ವಿದ್ಯಾರ್ಥಿಗಳೇ ಹೇಳಲಿ.